ಮಗುವಿಗೆ ನೆಫ್ರೋಟಿಕ್ ಸಿಂಡ್ರೋಮ್: ಉತ್ತರ ಕನ್ನಡದಲ್ಲಿದ್ದುಕೊಂಡು ಯಾವ ದಾರಿ ಹಿಡಿಯೋದು?

ಮಗುವಿಗೆ ನೆಫ್ರೋಟಿಕ್ ಸಿಂಡ್ರೋಮ್ ಅಂತ ಗೊತ್ತಾದ ದಿನ ನಮ್ಮ ಜಿಲ್ಲೆಯ ಮನೆಗಳಲ್ಲಿ ಶುರುವಾಗುವ ಚರ್ಚೆ ಒಂದೇ. ಮಣಿಪಾಲಕ್ಕೆ ಹೋಗೋದಾ, ಹುಬ್ಬಳ್ಳಿಗಾ, ಗೋವಾಕ್ಕಾ? ಮಾವ ಒಂದು ಹೇಳ್ತಾರೆ, ಪಕ್ಕದ ಮನೆಯವರು ಇನ್ನೊಂದು. ನನ್ನ ಪ್ರಕಾರ ಅದಕ್ಕಿಂತ ಮುಂಚೆ ಇತ್ಯರ್ಥ ಆಗಬೇಕಾದದ್ದು ಬೇರೆ ಇದೆ: ಊರಲ್ಲಿ ಈ ಮಗುವನ್ನು ನೋಡಿಕೊಳ್ಳುವ ಡಾಕ್ಟರ್ ಯಾರು? ದೂರದ ದೊಡ್ಡ ಡಾಕ್ಟರ್ ಸಿಗೋದು ತಿಂಗಳಿಗೋ ಮೂರು ತಿಂಗಳಿಗೋ ಒಂದು ಸಲ. ಉಳಿದ ದಿನವೆಲ್ಲ ಮಗು ಮನೆಯಲ್ಲೇ ಇರುತ್ತೆ. ಕಾಯಿಲೆ ಮರುಕಳಿಸೋದೂ ಮನೆಯಲ್ಲೇ, ಜ್ವರ ಬರೋದೂ ಮನೆಯಲ್ಲೇ. ಹಾಗಾಗಿ ಈ ಬರಹದಲ್ಲಿ ಆಸ್ಪತ್ರೆ, ಮನೆಯಲ್ಲಿ ಮಾಡುವ ಪರೀಕ್ಷೆ, ಔಷಧಿ ಮೂರನ್ನೂ ಒಂದೇ ಲೆಕ್ಕದಲ್ಲಿ ಹೋಲಿಸಿದ್ದೇನೆ. ಘಟ್ಟದ ರಸ್ತೆ ಬಂದ್ ಆದ ದಿನ ಇದು ನಡೆಯುತ್ತಾ, ಇಲ್ವಾ?

ಕಾಯಿಲೆ ಏನು ಅಂತ ಚಿಕ್ಕದಾಗಿ ಹೇಳಿಬಿಡ್ತೇನೆ. ಕಿಡ್ನಿ ಒಂದು ಜರಡಿ. ಅದರ ಕಣ್ಣು ದೊಡ್ಡದಾದರೆ ರಕ್ತದಲ್ಲಿರಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುತ್ತೆ. ಆಗ ಬೆಳಿಗ್ಗೆ ಏಳುವಾಗ ರೆಪ್ಪೆ ಊದಿರುತ್ತೆ. ಆಮೇಲೆ ಕಾಲು, ಹೊಟ್ಟೆ. ಮೂತ್ರದಲ್ಲಿ ನೊರೆ ಜಾಸ್ತಿ. ಕಣ್ಣು ಮಾತ್ರ ಊದಿದ್ದಾಗ ಅಲರ್ಜಿ ಅಂತ ವಾರಗಟ್ಟಲೆ ಔಷಧಿ ತಿನ್ನಿಸೋದು ತುಂಬಾ ಕಡೆ ಆಗುತ್ತೆ. ಒಂದು ಮೂತ್ರ ಪರೀಕ್ಷೆ ಮಾಡಿಸಿದರೆ ಸಂಶಯ ಅಲ್ಲೇ ಮುಗಿಯುತ್ತೆ. ಹೆಚ್ಚಾಗಿ ಎರಡರಿಂದ ಆರು ವರ್ಷದ ಮಕ್ಕಳಿಗೆ ಬರುತ್ತೆ, ಗಂಡುಮಕ್ಕಳಲ್ಲಿ ಜಾಸ್ತಿ. ಸಮಾಧಾನದ ಸಂಗತಿ ಅಂದ್ರೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳಿಗೆ ಸ್ಟೀರಾಯ್ಡ್ ಮಾತ್ರೆಯಿಂದ ಸೋರಿಕೆ ನಿಲ್ಲುತ್ತೆ. ಕಿರಿಕಿರಿ ಏನಂದ್ರೆ ಅವರಲ್ಲಿ ಬಹಳಷ್ಟು ಮಕ್ಕಳಿಗೆ ಅದು ಮತ್ತೆ ಮತ್ತೆ ಬರುತ್ತೆ. ಮಾತ್ರೆಗೆ ಕಾಯಿಲೆ ಬಗ್ಗುವ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾಗುತ್ತಾ ಇದರಿಂದ ಹೊರಬರುತ್ತಾರೆ, ಕಿಡ್ನಿಯೂ ಉಳಿಯುತ್ತೆ. ಅಲ್ಲಿವರೆಗೆ ವರ್ಷಗಟ್ಟಲೆ ನಿಭಾಯಿಸಬೇಕು, ಅಷ್ಟೇ.

ಯಾವ ಆಸ್ಪತ್ರೆ?

ಮೊದಲ ಸಲದ ಚಿಕಿತ್ಸೆಯನ್ನು ಒಬ್ಬ ಒಳ್ಳೆಯ ಮಕ್ಕಳ ಡಾಕ್ಟರ್ ಕಾರವಾರದಲ್ಲೋ ಶಿರಸಿಯಲ್ಲೋ ಕುಮಟಾದಲ್ಲೋ ಆರಾಮಾಗಿ ಶುರು ಮಾಡಬಹುದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂದ್ರೆ ಕ್ರಿಮ್ಸ್ ಇದೆ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆಯನ್ನು ಆರು ವಾರ ದಿನಾ, ಆಮೇಲೆ ಆರು ವಾರ ದಿನ ಬಿಟ್ಟು ದಿನ ಕೊಡೋದು ದೇಶದಲ್ಲೆಲ್ಲ ಬಳಕೆಯಲ್ಲಿರುವ ಕ್ರಮ. ಡೋಸ್ ಮಗುವಿನ ತೂಕದ ಮೇಲೆ. ಇದಕ್ಕಾಗಿ ಯಾರೂ ಮಗುವನ್ನು ಎತ್ತಿಕೊಂಡು ರಾತ್ರೋರಾತ್ರಿ ಬೆಂಗಳೂರಿಗೆ ಓಡಬೇಕಿಲ್ಲ. ಮಾತ್ರೆ ಶುರು ಮಾಡುವ ಮುಂಚೆ ಕ್ಷಯ ಇದೆಯಾ ಅಂತ ನೋಡಿಸಿ, ಬಿಪಿ ಅಳೆಸಿ, ಡಾಕ್ಟರ್ ಹೇಳಿದ ರಕ್ತ ಪರೀಕ್ಷೆ ಮಾಡಿಸಿ.

ಆದರೆ ಕೆಲವು ಮಕ್ಕಳನ್ನು ಮಕ್ಕಳ ಕಿಡ್ನಿ ತಜ್ಞರೇ ನೋಡಬೇಕು. ಒಂದು ವರ್ಷದೊಳಗೆ ಅಥವಾ ಹನ್ನೆರಡು ದಾಟಿದ ಮೇಲೆ ಕಾಯಿಲೆ ಬಂದರೆ, ಮೂತ್ರ ಕೆಂಪಾದರೆ, ಬಿಪಿ ಏರಿ ಇಳಿಯದಿದ್ದರೆ, ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂದರೆ, ಆರು ವಾರ ದಿನಾ ಮಾತ್ರೆ ಕೊಟ್ಟರೂ ಪ್ರೋಟೀನ್ ನಿಲ್ಲದಿದ್ದರೆ, ಅಥವಾ ಪದೇ ಪದೇ ಮರುಕಳಿಸಿದರೆ. ಇಂಥ ಮಗುವಿಗೆ ಕಿಡ್ನಿಯ ಬಯಾಪ್ಸಿ, ಅಂದ್ರೆ ಸೂಜಿಯಿಂದ ಚಿಕ್ಕ ಚೂರು ತೆಗೆದು ನೋಡೋದು, ಬೇಕಾಗಬಹುದು. ಅದಕ್ಕೆ ಪೆಥಾಲಜಿ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಯೇ ಬೇಕು.

ಆಗ ಎಲ್ಲಿಗೆ? ಶಿರಸಿ, ಮುಂಡಗೋಡ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್. ಮಧ್ಯೆ ದೊಡ್ಡ ಘಟ್ಟ ಇಲ್ಲ. ಅಲ್ಲಿ ಮೊದಲು ಕಿಮ್ಸ್ ಅಂತಿದ್ದ, ಈಗ ಕೆಎಂಸಿಆರ್‌ಐ ಅಂತ ಹೆಸರಾದ ಸರ್ಕಾರಿ ಆಸ್ಪತ್ರೆ, ಖರ್ಚು ಕಡಿಮೆ. ಆದರೆ ಕ್ಯೂ ಉದ್ದ, ಪ್ರತಿ ಸಲ ಬೇರೆ ಬೇರೆ ಡಾಕ್ಟರ್ ಸಿಗಬಹುದು. ಭಟ್ಕಳ, ಹೊನ್ನಾವರ, ಕುಮಟಾದವರು ಮಾಮೂಲಿಯಾಗಿ ಮಣಿಪಾಲಕ್ಕೆ ಹೋಗ್ತಾರೆ. ಹೆದ್ದಾರಿ ನೇರ, ಲ್ಯಾಬ್ ಒಂದೇ ಸೂರಿನಡಿ, ಹಳೆ ರಿಪೋರ್ಟ್ ಎಲ್ಲಾ ಅಲ್ಲೇ ಇರುತ್ತೆ. ಖರ್ಚು ಮಾತ್ರ ಜಾಸ್ತಿ. ಕಾರವಾರದವರಿಗೆ ದೂರದ ಲೆಕ್ಕದಲ್ಲಿ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜು ಎಲ್ಲಕ್ಕಿಂತ ಹತ್ತಿರ, ನೂರು ಕಿಲೋಮೀಟರಿಗಿಂತ ಕಡಿಮೆ. ಆದರೆ 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಇದೆ. ನಮ್ಮ ಆರೋಗ್ಯ ಕಾರ್ಡ್ ಯಾವುದಕ್ಕೆ ನಡೆಯುತ್ತೆ ಅಂತ ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ತುರ್ತಿಗೆ ಗೋವಾ ಒಳ್ಳೆಯದು. ವರ್ಷಗಟ್ಟಲೆ ಓಡಾಡೋಕೆ ನಾನು ಅದನ್ನು ಮೊದಲ ಆಯ್ಕೆ ಮಾಡಿಕೊಳ್ಳಲಾರೆ.

ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಮಕ್ಕಳ ಕಿಡ್ನಿಗೇ ಪ್ರತ್ಯೇಕ ವಿಭಾಗ ಇದೆ. ಸರ್ಕಾರಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಇದೆ. ಕರಾವಳಿಯವರಿಗೆ ರಾತ್ರಿ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಶಿರಸಿಗೆ ರೈಲೇ ಇಲ್ಲ, ರಾತ್ರಿ ಬಸ್ಸೇ ಗತಿ. ಗಟ್ಟಿ ಕೇಸುಗಳಿಗೆ ಇಲ್ಲಿ ಒಂದು ಸಲ ಹೋಗಿ ಪೂರ್ತಿ ಯೋಜನೆ ಬರೆಸಿಕೊಂಡು ಬರೋದು ಲಾಭ. ಪ್ರತಿ ತಿಂಗಳೂ ಹೋಗ್ತೀನಿ ಅಂತ ಹೊರಟರೆ ಅಪ್ಪನ ಕೂಲಿ, ಅಂಗಡಿ, ತೋಟದ ಕೆಲಸ ಯಾವುದೂ ಉಳಿಯಲ್ಲ. ಮೂರನೇ ತಿಂಗಳಿಗೆ ಓಡಾಟವೇ ನಿಂತುಹೋಗುತ್ತೆ.

ಹಾಗಾಗಿ ನನ್ನ ಆಯ್ಕೆ ಇದು. ದೂರದಲ್ಲಿ ಒಬ್ಬರು, ಊರಲ್ಲಿ ಒಬ್ಬರು. ದೂರದವರು ಬರೆದು ಕೊಡ್ತಾರೆ, ಊರಿನವರು ನಡೆಸ್ತಾರೆ. ದೂರದವರ ಹತ್ತಿರ ಹೋದಾಗ, 'ಮರುಕಳಿಸಿದರೆ ಎಷ್ಟು ಡೋಸ್, ಎಷ್ಟು ದಿನ, ಹೇಗೆ ಇಳಿಸಬೇಕು' ಅನ್ನೋದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಊರಿನ ಡಾಕ್ಟರಿಗೆ ತೋರಿಸಿ, ಅವರಿಬ್ಬರೂ ಫೋನಲ್ಲಿ ಮಾತಾಡೋ ಹಾಗೆ ಮಾಡಿ. ನಾಲ್ಕು ಆಸ್ಪತ್ರೆಗೆ ನಾಲ್ಕು ಫೈಲ್ ಇಟ್ಟುಕೊಂಡು ತಿರುಗೋದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಒಬ್ಬರು ಇಳಿಸಿದ ಡೋಸನ್ನು ಇನ್ನೊಬ್ಬರು ಏರಿಸ್ತಾರೆ, ಮಗು ಒಟ್ಟು ಎಷ್ಟು ಸ್ಟೀರಾಯ್ಡ್ ತಿಂತು ಅನ್ನೋ ಲೆಕ್ಕ ಯಾರ ಹತ್ತಿರವೂ ಇರಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜಿನ, ಅಂದ್ರೆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಪತ್ರ ಇಲ್ಲದೆ ಸೀದಾ ಹೋಗಿ ಕೌಂಟರಿನಲ್ಲಿ ಜಗಳ ಆಡೋದಕ್ಕಿಂತ, ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ ಬರೆಸಿಕೊಳ್ಳೋದು ವಾಸಿ.

ಮನೆ ಪರೀಕ್ಷೆ: ಪಟ್ಟಿಯಾ, ಆಸಿಡ್ಡಾ, ಕುದಿಸೋದಾ?

ಇಡೀ ಕಾಯಿಲೆಯ ಬೀಗದ ಕೈ ಇರೋದು ಇಲ್ಲಿ. ಮೂತ್ರದಲ್ಲಿ ಪ್ರೋಟೀನ್ ಬಂದು ಕೆಲವು ದಿನ ಆದ ಮೇಲೆ ಮಗು ಊದುತ್ತೆ. ಮನೆಯಲ್ಲೇ ಪರೀಕ್ಷೆ ಮಾಡೋರಿಗೆ ಊದುವ ಮುಂಚೆಯೇ ಗೊತ್ತಾಗುತ್ತೆ. ಆಸ್ಪತ್ರೆ ಸೇರೋದು ತಪ್ಪುತ್ತೆ. ಬೆಳಿಗ್ಗೆಯ ಮೊದಲ ಮೂತ್ರವನ್ನೇ ನೋಡಬೇಕು.

ಪಟ್ಟಿ ಅಂದ್ರೆ ಡಿಪ್‌ಸ್ಟಿಕ್. ಅದ್ದಿ, ಬಾಟಲಿಯ ಮೇಲೆ ಹೇಳಿದಷ್ಟು ಸೆಕೆಂಡ್ ಬಿಟ್ಟು, ಬಣ್ಣವನ್ನು ಹೋಲಿಸಿ ನೋಡೋದು. ಹಳದಿ ಇದ್ದರೆ ಇಲ್ಲ, ಹಸಿರು ಗಾಢ ಆದಷ್ಟೂ ಜಾಸ್ತಿ. ಅಜ್ಜಿಯೂ ಮಾಡಬಹುದು. ಕರಾವಳಿಯಲ್ಲಿ ಇದಕ್ಕಿರುವ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಉಪ್ಪೇ ನೀರಾಗುತ್ತೆ, ಪಟ್ಟಿ ಉಳಿಯುತ್ತಾ? ಒಂದು ಪಟ್ಟಿ ತೆಗೆದ ತಕ್ಷಣ ಮುಚ್ಚಳ ಬಿಗಿ ಮಾಡಿ. ಒಳಗಿರುವ ತೇವ ಹೀರುವ ಪುಡಿಯ ಪೊಟ್ಟಣ ಬಿಸಾಡಬೇಡಿ. ಬಚ್ಚಲಲ್ಲಿ ಇಡಬೇಡಿ, ಫ್ರಿಜ್ಜಿನಲ್ಲೂ ಬೇಡ. ಪಟ್ಟಿಯನ್ನು ಅರ್ಧಕ್ಕೆ ಸೀಳಿ ಎರಡು ಮಾಡುವ ಉಳಿತಾಯದ ಉಪಾಯ ಕೆಲವರು ಹೇಳ್ತಾರೆ. ಎಲ್ಲಾ ಸಮ ಸೀಳಿದರೆ ಓದಬಹುದು. ಆದರೆ ಸೀಳಿದ್ದನ್ನು ಬೇರೆ ಡಬ್ಬಿಗೆ ಹಾಕಿಟ್ಟರೆ ಕೆಟ್ಟಿತು ಅಂತಲೇ ಲೆಕ್ಕ.

ಎರಡನೆಯದು ಸಲ್ಫೋಸ್ಯಾಲಿಸಿಲಿಕ್ ಆಸಿಡ್. ಬಾಟಲಿಯಲ್ಲಿ ಬರುವ ತೆಳು ದ್ರಾವಣ. ಗಾಜಿನ ನಳಿಕೆಯಲ್ಲಿ ಮೂತ್ರ ಹಾಕಿ, ಲ್ಯಾಬಿನವರು ಹೇಳಿಕೊಟ್ಟ ಅಳತೆಯಲ್ಲಿ ಇದನ್ನು ಬೆರೆಸಿ, ನಳಿಕೆಯನ್ನು ದಿನಪತ್ರಿಕೆಯ ಮುಂದೆ ಹಿಡಿದು ನೋಡಬೇಕು. ಅಕ್ಷರ ಸ್ಪಷ್ಟ ಕಂಡರೆ ಪ್ರೋಟೀನ್ ಇಲ್ಲ. ಮಸುಕಾದರೂ ಓದೋಕೆ ಬಂದರೆ ಸ್ವಲ್ಪ. ಅಕ್ಷರವೇ ಕಾಣದಷ್ಟು ಬೆಳ್ಳಗಾದರೆ ಜಾಸ್ತಿ. ಮೊಸರಿನ ಚೂರಿನ ಹಾಗೆ ಗಟ್ಟಿ ಗಟ್ಟಿ ಕೆಳಗೆ ಕೂತರೆ ತುಂಬಾ ಜಾಸ್ತಿ. ಬಹಳ ಅಗ್ಗ, ಪಟ್ಟಿಯ ಹಾಗೆ ತೇವಕ್ಕೆ ಹೆದರಬೇಕಿಲ್ಲ. ಸಣ್ಣ ಊರಿನ ಮೆಡಿಕಲ್‌ನಲ್ಲಿ ಸಿಗಲ್ಲ, ಲ್ಯಾಬ್ ಸಾಮಾನು ಮಾರುವವರ ಹತ್ತಿರ ಹೇಳಿ ತರಿಸಬೇಕು. ಆಸಿಡ್ ಅಲ್ವಾ, ಚಿಕ್ಕ ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ.

ಮೂರನೆಯದು ಅಜ್ಜನ ಕಾಲದ್ದು. ನಳಿಕೆಯಲ್ಲಿ ಮುಕ್ಕಾಲು ಮೂತ್ರ ಹಾಕಿ, ಮೇಲಿನ ಭಾಗವನ್ನು ಮಾತ್ರ ಉರಿಗೆ ಹಿಡಿದು ಕುದಿಸೋದು. ಬೆಳ್ಳಗೆ ಮೋಡ ಕಟ್ಟಿದರೆ ಎರಡು ಹನಿ ತೆಳು ಅಸಿಟಿಕ್ ಆಸಿಡ್ ಹಾಕೋದು. ಮೋಡ ಕರಗಿದರೆ ಅದು ಬರೀ ಲವಣ. ಉಳಿದರೆ ಪ್ರೋಟೀನ್. ಕೆಳಗಿನ ಭಾಗ ತಣ್ಣಗೆ ತಿಳಿಯಾಗೇ ಇರೋದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಖರ್ಚೇ ಇಲ್ಲ. ಆದರೆ ಬೆಳಿಗ್ಗೆ ಗ್ಯಾಸ್ ಒಲೆಯ ಮುಂದೆ, ಸ್ಕೂಲಿಗೆ ಕಳಿಸುವ ಗಡಿಬಿಡಿಯಲ್ಲಿ ದಿನಾ ಮಾಡೋದು ಯಾರಿಂದ ಆಗುತ್ತೆ? ಬಿಸಿ ಮೂತ್ರ ಚಿಮ್ಮಿ ಕೈ ಸುಡೋದೂ ಇದೆ.

ಕಾಯಿಲೆ ಶಾಂತ ಇದ್ದಾಗ ವಾರಕ್ಕೆ ಎರಡು ಮೂರು ಸಲ ಆಸಿಡ್, ಜ್ವರ ಶೀತ ಬಂದಾಗ, ಮುಖ ಊದಿದ ಹಾಗೆ ಕಂಡಾಗ ದಿನಾ ಪಟ್ಟಿ. ಖರ್ಚು ಮತ್ತು ಅನುಕೂಲ ಎರಡನ್ನೂ ನೋಡಿದರೆ ಇದೇ ಸರಿ. ಒಂದು ನೋಟುಪುಸ್ತಕದಲ್ಲಿ ತಾರೀಕು, ಫಲಿತಾಂಶ, ತೂಕ, ಕೊಟ್ಟ ಮಾತ್ರೆ ಇಷ್ಟು ಬರೆಯಿರಿ. ಮೂರು ದಿನ ಸತತ ಮೂರು ಪ್ಲಸ್ (ಜಾಸ್ತಿ) ಅಥವಾ ನಾಲ್ಕು ಪ್ಲಸ್ (ತುಂಬಾ ಜಾಸ್ತಿ) ಬಂದರೆ ಮರುಕಳಿಸಿದೆ ಅಂತ ಅರ್ಥ. ಮೂರು ದಿನ ಸತತ ಇಲ್ಲ ಅಥವಾ ಬರೀ ಲೇಶ ಬಂದರೆ ಹತೋಟಿಗೆ ಬಂದಿದೆ. ಒಂದು ದಿನ ಒಂದು ಪ್ಲಸ್ ಕಂಡಿತು ಅಂತ ಗಾಬರಿಯಾಗಿ ನೀವೇ ಮಾತ್ರೆ ಶುರು ಮಾಡಬೇಡಿ. ಜ್ವರ ಬಂದಾಗ ಹಾಗೆ ಕಂಡು, ತಾನೇ ಹೋಗೋದೂ ಇದೆ.

ಸಿರಪ್ಪೋ ಮಾತ್ರೆಯೋ?

ಪ್ರೆಡ್ನಿಸೊಲೋನ್ ಸಿರಪ್ ಎರಡು ಶಕ್ತಿಯಲ್ಲಿ ಬರುತ್ತೆ. 5 ಎಂಎಲ್‌ಗೆ 5 ಎಂಜಿ ಇರೋದು ಒಂದು, 15 ಎಂಜಿ ಇರೋದು ಇನ್ನೊಂದು. ಒಂದೇ ಚಮಚ, ಔಷಧಿ ಮೂರು ಪಟ್ಟು. ಮೆಡಿಕಲ್‌ನವರು 'ಅದಿಲ್ಲ, ಇದು ತಗೊಳ್ಳಿ' ಅಂದ್ರೆ ಲೇಬಲ್ ಓದದೆ ತರಬೇಡಿ. ಮಾತ್ರೆ ಅಗ್ಗ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ, ಕೆಡೋದು ಕಡಿಮೆ, ಬಸ್ಸಿನಲ್ಲಿ ಚೆಲ್ಲೋದೂ ಇಲ್ಲ. ಮಗು ನುಂಗದಿದ್ದರೆ ಪುಡಿ ಮಾಡಿ ಒಂದು ಚಮಚ ಬೆಲ್ಲದ ನೀರಿನಲ್ಲಿ ಕೊಡಬಹುದು. ನನ್ನ ಮತ ಮಾತ್ರೆಗೆ. ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಿ.

ಮುಖ ಗುಂಡಗಾಗುತ್ತೆ, ಹಸಿವು ಜೋರಾಗುತ್ತೆ, ಮಗು ಸುಮ್ಸುಮ್ನೆ ಸಿಟ್ಟು ಮಾಡುತ್ತೆ. ನೆಂಟರು ನೋಡಿ 'ಸ್ಟೀರಾಯ್ಡಾ? ನಿಲ್ಸಿಬಿಡಿ' ಅಂತಾರೆ. ವಾರಗಟ್ಟಲೆ ತಿಂದ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ದೇಹ ತಾನು ಮಾಡಿಕೊಳ್ಳುವ ಸ್ಟೀರಾಯ್ಡನ್ನು ಅಷ್ಟರಲ್ಲಿ ನಿಲ್ಲಿಸಿರುತ್ತೆ. ಇಳಿಸೋದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ, ಡಾಕ್ಟರ್ ಹೇಳಿದ ಹಾಗೆ. ಹಳ್ಳಿ ಮದ್ದು ಕೊಡಿಸಬೇಕು ಅನ್ನೋ ಅಜ್ಜಿ ಇದ್ದರೆ ಜಗಳ ಬೇಡ. ಆದರೆ ಭಸ್ಮ ಸೇರಿದ್ದು, ಹೆಸರು ಗೊತ್ತಿಲ್ಲದ ಬೇರಿನ ಕಷಾಯ ಇವು ಕಿಡ್ನಿಗೇ ಪೆಟ್ಟು ಕೊಡಬಹುದು ಅಂತ ಬಿಡಿಸಿ ಹೇಳಿ.

ಪದೇ ಪದೇ ಬಂದರೆ: ಎರಡನೇ ಔಷಧಿ

ಮರುಕಳಿಸೋದು ಜಾಸ್ತಿಯಾದರೆ ಸ್ಟೀರಾಯ್ಡ್ ಕಡಿಮೆ ಮಾಡೋಕೆ ಬೇರೆ ಔಷಧಿ ಸೇರಿಸ್ತಾರೆ. ಯಾವುದು ಅನ್ನೋದು ತಜ್ಞರ ತೀರ್ಮಾನ. ಆದರೆ ಅವರು 'ಇದು ಅಥವಾ ಅದು' ಅಂದಾಗ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: ಇದಕ್ಕೆ ಯಾವ ರಕ್ತ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ, ನಮ್ಮೂರಲ್ಲಿ ಆಗುತ್ತಾ?

ಲೆವಾಮಿಸೋಲ್ ಮೂಲತಃ ಜಂತುಹುಳದ ಔಷಧಿ. ದಿನ ಬಿಟ್ಟು ದಿನ ಕೊಡುವ ಮಾತ್ರೆ, ಅಗ್ಗ. ಬಿಳಿ ರಕ್ತಕಣ ಇಳಿಯುತ್ತಾ ಅಂತ ಆಗಾಗ ನೋಡುತ್ತಿರಬೇಕು. ಆ ಪರೀಕ್ಷೆ ಅಂಕೋಲಾದಲ್ಲೂ ಆಗುತ್ತೆ, ಸಿದ್ದಾಪುರದಲ್ಲೂ ಆಗುತ್ತೆ. ಸೌಮ್ಯವಾಗಿ ಮರುಕಳಿಸುವ ಮಗುವಿಗೆ, ದೂರದ ಊರಿನವರಿಗೆ ಇದು ಹೊಂದುತ್ತೆ. ಕೆಲವೊಮ್ಮೆ ಅಂಗಡಿಯಲ್ಲಿ ಸಿಗದೆ ಪರದಾಡೋದು ಇದೆ, ಮೊದಲೇ ಹೇಳಿಡಿ.

ಸೈಕ್ಲೋಫಾಸ್ಫಮೈಡ್ ಕೂಡ ಅಗ್ಗ. ಎಂಟರಿಂದ ಹನ್ನೆರಡು ವಾರದ ಒಂದೇ ಕೋರ್ಸ್, ಮುಗಿದ ಮೇಲೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಆರಾಮ. ಆದರೆ ಕೋರ್ಸ್ ನಡೆಯುವಾಗ ಎರಡು ವಾರಕ್ಕೊಮ್ಮೆ ರಕ್ತಕಣದ ಎಣಿಕೆ ತಪ್ಪಬಾರದು, ನೀರು ಚೆನ್ನಾಗಿ ಕುಡಿಸಬೇಕು. ಪದೇ ಪದೇ ಕೊಟ್ಟರೆ ಮುಂದೆ ಮಕ್ಕಳಾಗುವ ಶಕ್ತಿಗೆ ಧಕ್ಕೆ ಬರಬಹುದು. ಹಾಗಾಗಿ ಎರಡನೇ ಸಲ ಯಾರಾದರೂ ಬರೆದರೆ ಹಿಂದಿನ ಕೋರ್ಸಿನ ಚೀಟಿ ತೋರಿಸಲೇಬೇಕು.

ಮೈಕೋಫಿನೋಲೇಟ್ ದಿನಕ್ಕೆ ಎರಡು ಹೊತ್ತು, ವರ್ಷ ಎರಡು ವರ್ಷ. ತಿಂಗಳ ಖರ್ಚು ಜಾಸ್ತಿ. ಹೊಟ್ಟೆನೋವು, ಭೇದಿ ಆಗಬಹುದು. ಆದರೆ ಕಿಡ್ನಿಗೆ ಹಾನಿ ಇಲ್ಲ, ಪರೀಕ್ಷೆ ಊರಲ್ಲೇ ಮಾಡಿಸಬಹುದು. ಕೈಗೆ ಎಟುಕುವವರಿಗೆ ದೂರದಿಂದ ನಿಭಾಯಿಸೋಕೆ ಸುಲಭ.

ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಶಕ್ತಿಶಾಲಿ, ಸ್ಟೀರಾಯ್ಡ್‌ಗೆ ಬಗ್ಗದ ಮಕ್ಕಳಿಗೆ ಇವೇ ಆಧಾರ. ತೊಡಕು ಇರೋದು ಲೆವೆಲ್ ಪರೀಕ್ಷೆಯಲ್ಲಿ. ರಕ್ತದಲ್ಲಿ ಔಷಧಿ ಹೆಚ್ಚಾದರೆ ಕಿಡ್ನಿಗೇ ಪೆಟ್ಟು, ಕಡಿಮೆಯಾದರೆ ಕೆಲಸವಿಲ್ಲ. ಊರಿನ ಲ್ಯಾಬಿನವರು ರಕ್ತ ತೆಗೆದು ನಗರಕ್ಕೆ ಕಳಿಸ್ತಾರೆ. ಬೆಳಗಿನ ಡೋಸ್ ಕೊಡುವ ಮುಂಚೆಯೇ ರಕ್ತ ತೆಗೆಸಬೇಕು. ಕೆಲವು ಆ್ಯಂಟಿಬಯೋಟಿಕ್, ಫಂಗಸ್ ಔಷಧಿ ಇದರ ಜೊತೆ ಸೇರಿದರೆ ಲೆವೆಲ್ ಏರಿಬಿಡುತ್ತೆ. ಶೀತಕ್ಕೆ ಯಾವ ಡಾಕ್ಟರ್ ಹತ್ತಿರ ಹೋದರೂ ಮಗು ಈ ಮಾತ್ರೆ ತಿನ್ನುತ್ತಿದೆ ಅಂತ ಮೊದಲ ಮಾತಿನಲ್ಲೇ ಹೇಳಿ.

ರಿಟುಕ್ಸಿಮಾಬ್ ಡ್ರಿಪ್ ಮೂಲಕ ದೊಡ್ಡ ಆಸ್ಪತ್ರೆಯಲ್ಲೇ ಕೊಡಬೇಕು. ಒಂದೇ ಸಲಕ್ಕೆ ದುಡ್ಡು ತುಂಬಾ. ಆದರೆ ಆಮೇಲೆ ಹಲವು ತಿಂಗಳು ಔಷಧಿಯ ಗೋಜು ಕಡಿಮೆ. ಮಾತ್ರೆ ಮರೆಯುವ, ಲೆವೆಲ್ ಪರೀಕ್ಷೆಗೆ ಹೋಗಲಾಗದ ಮನೆಗೆ ಒಟ್ಟು ಲೆಕ್ಕದಲ್ಲಿ ಇದೇ ಅಗ್ಗ ಬೀಳಬಹುದು. ಸೋಂಕಿನ ಭಯ ಮಾತ್ರ ಇದ್ದೇ ಇದೆ.

ಊಟ

ಊತ ಇದ್ದಾಗ ಉಪ್ಪು ಕಡಿಮೆ, ಅಷ್ಟೇ ಮುಖ್ಯ. ಪ್ರೋಟೀನ್ ಸೋರ್ತಿದೆ ಅಂತ ಡಬ್ಬಿ ಪುಡಿ ತಂದು ತುರುಕೋದು ಬೇಡ. ಆ ವಯಸ್ಸಿನ ಮಗು ತಿನ್ನುವಷ್ಟು ಮೀನು, ಮೊಟ್ಟೆ, ಬೇಳೆ, ಹಾಲು ಸಾಕು. ನಮ್ಮಲ್ಲಿ ಉಪ್ಪು ಅಡಗಿರುವ ಜಾಗ ಗೊತ್ತಲ್ಲ: ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ. ಗಂಜಿ ಕೊಡಿ, ಪಕ್ಕದ ಉಪ್ಪಿನಕಾಯಿ ತೆಗೀರಿ, ಬದಲಿಗೆ ಉಪ್ಪು ಹಾಕದ ತಂಬುಳಿ ಇಡಿ. ಎಳನೀರು ಕಿಡ್ನಿ ಕೆಲಸ ಮಾಡುವ ಮಗುವಿಗೆ ಅಡ್ಡಿಯಿಲ್ಲ. ಕ್ರಿಯಾಟಿನಿನ್ ಏರಿದ ಮಗುವಿಗೆ ಅದರ ಪೊಟ್ಯಾಶಿಯಂ ಅಪಾಯ. ಐದು ಏಣಿನ ದಾರೆಹುಳಿ ಹಣ್ಣನ್ನು ಮಾತ್ರ ಕಿಡ್ನಿ ಕಾಯಿಲೆಯ ಯಾವ ಮಗುವಿಗೂ ಕೊಡಬೇಡಿ.

ತುರ್ತು ಬಂದರೆ ಲೆಕ್ಕ ಉಲ್ಟಾ

ಮೇಲೆ ಹೇಳಿದ ದೂರ-ಹತ್ತಿರದ ಹೋಲಿಕೆ ತುರ್ತಿನಲ್ಲಿ ನಡೆಯಲ್ಲ. ಊತ ಇರುವ ಮಗುವಿಗೆ ಜ್ವರದ ಜೊತೆ ಹೊಟ್ಟೆನೋವು ಬಂದರೆ ಹೊಟ್ಟೆಯ ನೀರಿಗೆ ಸೋಂಕು ತಗುಲಿರಬಹುದು. ಉಸಿರಾಟ ಕಷ್ಟ, ಮೂತ್ರ ಬಹಳ ಕಡಿಮೆ, ಕೈಕಾಲು ತಣ್ಣಗೆ, ಒಂದೇ ಕಾಲು ಊದಿ ನೋವು, ಜೋರು ತಲೆನೋವು, ಫಿಟ್ಸ್ ಇವೂ ಹಾಗೇ. ಆಗ ಮಣಿಪಾಲ ಅಂತ ಕಾರು ಹತ್ತಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರ್ ನೋಡಿ, ಬೇಕಾದ ಆ್ಯಂಟಿಬಯೋಟಿಕ್ ಇಂಜೆಕ್ಷನ್ನೋ ಡ್ರಿಪ್ಪೋ ಮೊದಲು ಆಗಲಿ. ಆಮೇಲೆ ಆ್ಯಂಬುಲೆನ್ಸ್. ಊತ ಇಳಿಸೋಕೆ ಅಂತ ಮನೆಯಲ್ಲಿ ಉಳಿದ ಮೂತ್ರ ಬರಿಸುವ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಅಪಾಯ ಈ ಕಾಯಿಲೆಯಲ್ಲಿ ಮೊದಲೇ ಇದೆ.

2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯ್ತು. ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಒಂದೇ ಮಳೆಗಾಲದಲ್ಲಿ ಕಾರವಾರದ ದಕ್ಷಿಣಕ್ಕೂ ಉತ್ತರಕ್ಕೂ ದಾರಿ ತೊಡಕಾಯ್ತು. ಮೇ ಮುಗಿಯುವ ಮುಂಚೆ ಎರಡು ತಿಂಗಳಿನ ಮಾತ್ರೆ ಮನೆಯಲ್ಲಿರಲಿ. ನ್ಯುಮೋಕಾಕಲ್ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ. ಜೀವಂತ ಲಸಿಕೆಗಳನ್ನು, ಪೋಲಿಯೋ ಹನಿಯನ್ನೂ ಸೇರಿಸಿ, ಸ್ಟೀರಾಯ್ಡ್ ಜಾಸ್ತಿ ಇರುವಾಗ ಡಾಕ್ಟರನ್ನು ಕೇಳದೆ ಕೊಡಿಸಬೇಡಿ. ಶಾಲೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಕಿಡ್ನಿ ಕೈಕೊಟ್ಟರೆ

ಸ್ಟೀರಾಯ್ಡ್‌ಗೆ ಬಗ್ಗದ ಕೆಲವು ಮಕ್ಕಳಿಗೆ ಮುಂದೆ ಡಯಾಲಿಸಿಸ್ ಬೇಕಾಗುತ್ತೆ. ಯಂತ್ರದ ಡಯಾಲಿಸಿಸ್ ವಾರಕ್ಕೆ ಎರಡು ಮೂರು ಸಲ. ತಾಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದ್ದರೂ ಅದು ದೊಡ್ಡವರಿಗೆ ಅಂತ ಇರೋದು. ಹದಿನೈದು ಕಿಲೋದ ಮಗುವಿಗೆ ಬೇಕಾದ ಸಣ್ಣ ನಳಿಕೆ, ಸಣ್ಣ ಫಿಲ್ಟರ್, ಪಳಗಿದ ಕೈ ಎಲ್ಲ ಕಡೆ ಸಿಗಲ್ಲ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಮನೆಯಲ್ಲೇ ಆಗುತ್ತೆ, ದಿನಕ್ಕೆ ಮೂರು ನಾಲ್ಕು ಸಲ ದ್ರವ ಬದಲಿಸಬೇಕು. ಸಣ್ಣ ಮಗು, ದೂರದ ಊರು, ಶಾಲೆ ಮೂರನ್ನೂ ನೋಡಿದರೆ ಇದೇ ಮೇಲು. ಆದರೆ ಹೊಗೆ, ಧೂಳು, ಬೆಕ್ಕು ಬರದ ಒಂದು ಕೋಣೆ ಬೇಕು. ದ್ರವದ ಪೆಟ್ಟಿಗೆ ಇಡೋಕೆ ಸೋರದ ಜಾಗ ಬೇಕು. ಸೋಪು ಹಾಕಿ ಕೈ ತೊಳೆಯೋದರಲ್ಲಿ ಒಂದು ಹೊತ್ತೂ ಸೋಮಾರಿತನ ಇರಬಾರದು. ಹೊರಬಂದ ದ್ರವ ಮಬ್ಬಾಗಿದ್ದರೆ ಸೋಂಕು, ಅವತ್ತೇ ಆಸ್ಪತ್ರೆ.

ಈ ಎರಡು ಬಗೆಯ ಡಯಾಲಿಸಿಸ್ ಕೂಡ ಕಿಡ್ನಿ ಕಸಿ ಆಗುವವರೆಗಿನ ದಾರಿ ಅಷ್ಟೇ. ಕಸಿಗೋ ಡಯಾಲಿಸಿಸ್‌ಗೋ ಹೋಗಿ ಬರೋಕೆ ರೈಲು ಟಿಕೆಟ್‌ನಲ್ಲಿ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯ ಸಹಿ, ಮೊಹರು ಇರುವ ಪತ್ರ ಬೇಕು. ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಂಡು ಬನ್ನಿ.